ಎರಡನೆಯ ಮುಹೂರ್ತ

ಅತ್ಲೋನ್, ಐರ್ಲೆಂಡ್
ಭಾನುವಾರ, ೯ ಅಕ್ಟೋಬರ್ ೨೦೨೨

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿ ವೇದಾವತಿ ಮಾಡುವ ನಮಸ್ಕಾರಗಳು. ಭಾವನಿಗೂ ತಿಳಿಸು. ನಾವೆಲ್ಲ ಕ್ಷೇಮ ಎಂದು ಬರೆಯೋಣವೆಂದರೆ ನನಗೆ ಕೋವಿಡ್ ಬಂದು ಕೂತಿದೆ. ಗಾಬರಿಯಾಗಬೇಡ, ಇದು ಎರಡನೇ ಸಲ, ಜ್ವರ ಬಿಟ್ಟಿದೆ, ಕೆಮ್ಮು ಮಾತ್ರ ಉಳಿದಿದೆ. ಮೇಲಿನ ಸಣ್ಣ ರೂಮಿನಲ್ಲಿ ನಾಲ್ಕು ದಿನದಿಂದ ಒಬ್ಬಳೇ ಇದ್ದೇನೆ. ಇವರು ತಟ್ಟೆ ತಂದು ಹೊರಗಿಟ್ಟು, ಬಾಗಿಲು ತಟ್ಟಿ ಓಡುತ್ತಾರೆ. ಸಾರಿಗೆ ರುಚಿಯಿಲ್ಲವೋ ನನ್ನ ನಾಲಿಗೆಗಿಲ್ಲವೋ ಗೊತ್ತಾಗದೆ ಸುಮ್ಮನೆ ಹೊಗಳಿದ್ದೇನೆ. ಪ್ರಣತಿ ಮೆಟ್ಟಿಲ ಕೆಳಗಿಂದಲೇ ಅಮ್ಮನನ್ನು ವಿಚಾರಿಸಿಕೊಳ್ಳುತ್ತಾಳೆ. ನಾನು ಕನ್ನಡದಲ್ಲಿ ಎಷ್ಟು ಹೇಳಿದರೂ ಅವಳದು ಒಂದೇ ಉತ್ತರ, ಇಲ್ಲಿಯವರ ಹಾಗೆ ಗ್ರ್ಯಾಂಡ್, ಅಂದರೆ ಸರಿ ಬಿಡು ಅಂತ.

ಎರಡು ತಿಂಗಳಿಂದ ನಿನ್ನ ಫೋನ್ ಎತ್ತದ್ದಕ್ಕೆ ಕ್ಷಮಿಸು. ಮೀಟಿಂಗ್‌ನಲ್ಲಿದ್ದೇನೆ ಎಂದು ಕಳಿಸಿದ ಮೆಸೇಜುಗಳೆಲ್ಲ ಸುಳ್ಳು. ನಿನ್ನ ಮುಖ ಕಂಡರೆ ಬಾಯಿಬಿಟ್ಟುಬಿಡುತ್ತೇನೆ ಎಂಬ ಭಯಕ್ಕೆ ಹಾಗೆ ಮಾಡಿದೆ. ನಾಳೆ ನಮ್ಮ ಆಫೀಸಿನ ಮಲ್ಲಿಕಾರ್ಜುನ ಮೈಸೂರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ಓದಿದ ಮೇಲೆ ಕೈ ತೊಳೆದುಕೋ.

ಜ್ಯೋತ್ಸ್ನಾ ವಿಷಯ ಹೇಳಬೇಕು. ನಾವಿಬ್ಬರೂ ಒಂದೇ ವರ್ಷ ಈ ದೇಶಕ್ಕೆ ಬಂದವರು. ಮೊದಲ ವರ್ಷ ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ ಎರಡೂ ಸಂಸಾರ ಒಂದೇ ಬಾಡಿಗೆ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ಇದ್ದೆವು. ಒಂದು ದಿನವೂ ಜಗಳವಾಡಲಿಲ್ಲ. ಆಮೇಲೆ ಎರಡು ಮನೆಯವರೂ ಅತ್ಲೋನ್‌ಗೆ ಬಂದು ಹತ್ತಿರ ಹತ್ತಿರವೇ ಬಾಡಿಗೆ ಹಿಡಿದೆವು.

ಲಾಕ್‌ಡೌನಿನಲ್ಲಿ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲವಲ್ಲ, ಆಗ ನಾನೂ ಪ್ರಣತಿಯೂ ದಿನಾ ಸಂಜೆ ಒಂದೇ ರಸ್ತೆಯಲ್ಲಿ ನಡೆಯುತ್ತಿದ್ದೆವು. ಆ ರಸ್ತೆಯ ಕೊನೆಯಲ್ಲಿ ಹಸಿರು ಬಾಗಿಲಿನ ಒಂದು ಖಾಲಿ ಮನೆ. ಸಾಲ ತೀರದೆ ಬ್ಯಾಂಕಿನವರು ವಶಕ್ಕೆ ತೆಗೆದುಕೊಂಡದ್ದಂತೆ. ಕಿಟಕಿಗೆ ಹಲಗೆ ಹೊಡೆದಿದ್ದರು, ಚಾವಣಿಯ ಮೇಲೆ ಗಿಡ ಬೆಳೆದಿತ್ತು. ಬಾಗಿಲಲ್ಲಿ ಟಪಾಲು ಹಾಕುವ ಸೀಳಿತ್ತು, ನಾನು ಅದರಲ್ಲಿ ಇಣುಕಿ ನೋಡುತ್ತಿದ್ದೆ. ದೇವರ ಕೋಣೆ ಎಲ್ಲಿ, ಪ್ರಣತಿಯ ಮಂಚ ಎಲ್ಲಿ, ನೀನು ಬಂದರೆ ಯಾವ ರೂಮು ಅಂತೆಲ್ಲ ಲೆಕ್ಕ ಹಾಕಿದ್ದೆ. ಇವರಿಗೆ ಹೇಳಿದರೆ ನಗುತ್ತಾರೆಂದು ಹೇಳಲಿಲ್ಲ. ಹೇಳಿದ್ದು ಜ್ಯೋತ್ಸ್ನಾ ಒಬ್ಬಳಿಗೇ. ಕರೆದುಕೊಂಡು ಹೋಗಿ ತೋರಿಸಿಯೂ ಬಂದೆ.

ಈ ವಸಂತದಲ್ಲಿ ಬ್ಯಾಂಕು ಆ ಮನೆಯನ್ನು ಮಾರಾಟಕ್ಕಿಟ್ಟಿತು. ನಾವು ಸಾಲಕ್ಕೆ ಹೋದರೆ, ಇವರು ಕೋವಿಡ್ ಸಮಯದಲ್ಲಿ ಹನ್ನೊಂದು ತಿಂಗಳು ಕೆಲಸವಿಲ್ಲದೆ ಕೂತದ್ದನ್ನು ನೋಡಿ ಬ್ಯಾಂಕಿನವರು ಆಗುವುದಿಲ್ಲ ಎಂದುಬಿಟ್ಟರು. ಜುಲೈನಲ್ಲಿ ಜ್ಯೋತ್ಸ್ನಾ ಬೀಗದ ಕೈ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. "ನೀನು ತೋರಿಸಿದ ಮನೆ ಕಣೇ, ನಿನ್ನ ಕೈಗುಣ" ಅಂದಳು. ನಾನು ಅವಳಿಗೆ ಸಕ್ಕರೆ ಕೊಟ್ಟೆ. ಹೊಟ್ಟೆಯೊಳಗೆ ಬೆಂಕಿ ಹತ್ತಿಕೊಂಡಿತ್ತು ಅಕ್ಕ. ಕೆಟ್ಟ ಮಾತಾದರೂ ನಿನ್ನ ಹತ್ತಿರ ಬಚ್ಚಿಡುವುದೇನು?

ಅವಳ ಅದೃಷ್ಟ ನೋಡು, ಅದೇ ತಿಂಗಳು ಸರ್ಕಾರ ಹೊಸ ಗ್ರ್ಯಾಂಟ್ ಯೋಜನೆ ಶುರು ಮಾಡಿತು. ವರ್ಷಗಟ್ಟಲೆ ಖಾಲಿ ಬಿದ್ದ ಮನೆಯನ್ನು ರಿಪೇರಿ ಮಾಡಿಸಿಕೊಂಡು ವಾಸಕ್ಕೆ ಹೋಗುವವರಿಗೆ ಕೌನ್ಸಿಲ್, ಅಂದರೆ ಇಲ್ಲಿನ ನಗರಸಭೆಯ ಮೂಲಕ ಹಣ ಕೊಡುತ್ತಾರೆ. ಷರತ್ತುಗಳಿವೆ. ಮನೆ ಎರಡು ವರ್ಷ ಖಾಲಿ ಇದ್ದಿರಬೇಕು. ಕೌನ್ಸಿಲ್‌ನವರು ಬಂದು ನೋಡಿ ಒಪ್ಪುವ ತನಕ ಯಾವ ಕೆಲಸವನ್ನೂ ಶುರು ಮಾಡಬಾರದು. ಅಲ್ಲಿ ಯಾರೂ ವಾಸವಿಲ್ಲ ಎಂದು ವಕೀಲರ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಇದೆಲ್ಲ ನನಗೆ ಬಾಯಿಪಾಠ, ಯಾಕೆಂದರೆ ಜ್ಯೋತ್ಸ್ನಾಳ ಅರ್ಜಿ ತುಂಬಿದವಳು ನಾನೇ. ನನ್ನ ಇಂಗ್ಲಿಷ್ ಚೆನ್ನಾಗಿದೆಯಂತೆ. ಅವಳ ಗಂಡ ಕೃಷ್ಣಪ್ರಸಾದ ಪಕ್ಕದಲ್ಲಿ ಕೂತು ಬಾಳೆಹಣ್ಣು ತಿನ್ನುತ್ತಿದ್ದರು.

ಆಮೇಲೆ ಅವಳು, ಅಕ್ಕನನ್ನು ಕೇಳಿ ಒಂದು ಮುಹೂರ್ತ ಹೇಳು, ಹಾಲುಕ್ಕಿಸಬೇಕು ಅಂದಳು. ನಾನು ನಿನಗೆ ಫೋನ್ ಮಾಡಿದೆ. ನೀನು ಪಂಚಾಂಗ ನೋಡಿ ಎರಡು ದಿನ ಕೊಟ್ಟೆ, ಶ್ರಾವಣದ ಬುಧವಾರ ಒಂದು, ಅದಾಗದಿದ್ದರೆ ಮಾರ್ಗಶಿರದಲ್ಲಿ ಇನ್ನೊಂದು. ಕೌನ್ಸಿಲ್‌ನವರು ಬರುವುದು ಸೆಪ್ಟೆಂಬರಿನಲ್ಲಿ ಎಂದು ನನಗೆ ಗೊತ್ತಿತ್ತು. ಹಾಲುಕ್ಕಿಸಿದ ರಾತ್ರಿ ಮನೆಯವರು ಅಲ್ಲೇ ಮಲಗಬೇಕು, ಮನೆಯಲ್ಲಿ ದೀಪ ಹಚ್ಚುತ್ತಿರಬೇಕು ಎಂಬುದೂ ಗೊತ್ತಿತ್ತು. ನಾನು ಶ್ರಾವಣದ ದಿನವನ್ನು ಮಾತ್ರ ಹೇಳಿದೆ. ಎರಡನೆಯದನ್ನು ನುಂಗಿಬಿಟ್ಟೆ. ಇದು ಬಿಟ್ಟರೆ ಮುಂದಿನ ವರ್ಷವೇ ಎಂದು ನಿನ್ನ ಹೆಸರಿನಲ್ಲಿ ಸೇರಿಸಿದೆ.

ಅವಳಿಗೂ ಅನುಮಾನ ಬಂತು. ಕೌನ್ಸಿಲ್‌ನವರು ನೋಡಿಕೊಂಡು ಹೋದ ಮೇಲೆ ಮಾಡಿದರಾಗದೇ ಎಂದು ಕೇಳಿದಳು. "ಹಾಲು ಉಕ್ಸೋದಕ್ಕೂ ಕೌನ್ಸಿಲ್‌ಗೂ ಏನೇ ಸಂಬಂಧ?" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಪೂಜೆ ನೀನೂ ನೋಡಿದ್ದೀಯ, ಫೋನ್ ಹಿಡಿದಿದ್ದವಳು ನಾನು. ಇಲ್ಲಿ ಮಾವಿನ ಎಲೆ ಎಲ್ಲಿಂದ ಬರಬೇಕು, ಬೇಲಿಯ ಲಾರೆಲ್ ಎಲೆ ಕಿತ್ತು ತೋರಣ ಕಟ್ಟಿದ್ದಳು. ಕ್ಯಾಂಪಿಂಗ್ ಸ್ಟವ್ ಮೇಲೆ ಹಾಲು ಉಕ್ಕಿತು. ಸೋರುವ ಚಾವಣಿಯ ಕೆಳಗೆ ನೀರು ಬೀಳದ ಜಾಗ ಹುಡುಕಿ ಹಾಸಿಗೆ ಹಾಸಿಕೊಂಡು ಗಂಡ ಹೆಂಡತಿ ಮಲಗಿದರು. ಆಮೇಲೆ ಪ್ರತಿ ಶುಕ್ರವಾರ ಹೋಗಿ ರಂಗೋಲಿಯಿಟ್ಟು ದೀಪ ಹಚ್ಚಿ ಬರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಬಂದ ಅಧಿಕಾರಿ ಕಂಡದ್ದು ಏನು? ಹಾಸಿಗೆ, ದೇವರ ಪಟ, ಉರಿದ ಬತ್ತಿ, ಹೊಸ್ತಿಲಲ್ಲಿ ರಂಗೋಲಿ. ಪಕ್ಕದ ಮನೆಯ ಅಜ್ಜಿ ಬೇರೆ, ತುಂಬಾ ಒಳ್ಳೆಯ ಜನ, ಆಗಸ್ಟಿನಲ್ಲೇ ಬಂದರು ಅಂದಳಂತೆ. ಪಾಪ, ಅವಳು ಒಳ್ಳೆಯ ಮಾತೇ ಆಡಿದ್ದು. ಅರ್ಜಿಯನ್ನು ತಡೆಹಿಡಿದಿದ್ದೇವೆ, ಯಾರೂ ವಾಸವಿಲ್ಲವೆಂದು ಪ್ರಮಾಣ ಮಾಡಿದ್ದೀರಿ, ಬರುವ ಶುಕ್ರವಾರದೊಳಗೆ ವಿವರಣೆ ಕೊಡಿ ಎಂದು ಕೌನ್ಸಿಲ್‌ನಿಂದ ಕಾಗದ ಬಂತು. ಅವರ ಈಗಿನ ಬಾಡಿಗೆ ಮನೆಯನ್ನು ನವೆಂಬರ್ ಕೊನೆಗೆ ಬಿಡಬೇಕು. ಗ್ರ್ಯಾಂಟ್ ಇಲ್ಲದೆ ಚಾವಣಿ ಹೊದಿಸಲು ಅವರ ಕೈಲಾಗದು. ಚಳಿಗಾಲ ಬಂದೇ ಬಿಟ್ಟಿತು.

ಹೋದ ಭಾನುವಾರ ಜ್ಯೋತ್ಸ್ನಾ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು. ನನಗೆ ಕೋವಿಡ್ ಹಿಡಿಯುವ ಮುಂಚೆ. ನಾನು ಖುಷಿಪಡುತ್ತೇನೆ ಅಂದುಕೊಂಡಿದ್ದೆ ಅಕ್ಕ. ನಿಜ ಹೇಳುತ್ತೇನೆ, ಮೊದಲ ಎರಡು ನಿಮಿಷ ಖುಷಿಯಾಯಿತು ಕೂಡ.

"ಕಾದಿದ್ರೆ ಆಗ್ತಿತ್ತು ವೇದಾ. ಆದ್ರೆ ಅಕ್ಕ ಕೊಟ್ಟಿದ್ದೇ ಅದೊಂದು ದಿನ, ನಾನಾದ್ರೂ ಏನ್ ಮಾಡ್ಲಿ?" ಅಂದಳು.

ನಾನು ತಲೆಯಾಡಿಸಿದೆ. ಪೂಜೆ ಎಂದರೇನು, ಒಂದು ರಾತ್ರಿ ಏಕೆ ಮಲಗಿದರು ಎಂಬುದನ್ನೆಲ್ಲ ಬಿಡಿಸಿ ನೀನೇ ಬರೆದುಕೊಡು, ನೀನು ಅಲ್ಲೇ ಇದ್ದೆಯಲ್ಲ, ನಿನ್ನ ಸಹಿಯ ಕೆಳಗೆ ನಾನೂ ಸಹಿ ಹಾಕುತ್ತೇನೆ ಎಂದು ಹೇಳಿ ಹೋದಳು. ನನಗೆ ಕೋವಿಡ್ ಬಂದ ದಿನದಿಂದ ಅವಳೇ ಕೆಳಗೆ ರಸಂಪುಡಿ, ಮಾತ್ರೆ ಎಲ್ಲ ಇಟ್ಟು ಹೋಗುತ್ತಿದ್ದಾಳೆ. ಇವರ ಸಾರು ಅವಳ ಪುಡಿಯದೇ.

ನಾಲ್ಕು ದಿನದಿಂದ ಲ್ಯಾಪ್‌ಟಾಪ್ ತೆರೆಯುವುದು, ಮುಚ್ಚುವುದು ಇದೇ ಆಯಿತು. ಬರೆಯದೆ ಬಿಟ್ಟರೆ ಸಾಕು, ಶುಕ್ರವಾರ ತಾನಾಗಿ ಕಳೆದುಹೋಗುತ್ತದೆ. ಜ್ವರ ಇತ್ತು ಅಂದರೆ ಯಾರೂ ನನ್ನನ್ನು ಕೇಳುವುದಿಲ್ಲ. ಇದನ್ನೂ ಯೋಚಿಸಿದೆ ಅಕ್ಕ, ನಿನ್ನ ತಂಗಿ ಇಷ್ಟು ಕೆಳಗಿಳಿದಿದ್ದಾಳೆ.

ಇವತ್ತು ಬೆಳಿಗ್ಗೆ ಬರೆದು ಮುಗಿಸಿದೆ. ಹೊಸ ಮನೆಯಲ್ಲಿ ಮೊದಲು ದೇವರನ್ನು ಕೂರಿಸಿ ಒಂದು ರಾತ್ರಿ ಮಲಗಿ ಬರುವುದು ನಮ್ಮ ಪದ್ಧತಿ, ಅದು ವಾಸವಲ್ಲ, ನಾನೇ ಸಾಕ್ಷಿ, ಕರೆಂಟಿನ ಮೀಟರ್ ನೋಡಿ ಎಂದೆಲ್ಲ ಬರೆದಿದ್ದೇನೆ. ಕೊನೆಯಲ್ಲಿ ಇನ್ನೊಂದು ಸಾಲು ಹಾಕಿದೆ. ನಿಮ್ಮ ತಪಾಸಣೆಯ ನಂತರಕ್ಕೂ ಒಂದು ಒಳ್ಳೆಯ ದಿನವಿತ್ತು, ಅದು ನನಗೆ ಗೊತ್ತಿದ್ದೂ ನಾನು ಜ್ಯೋತ್ಸ್ನಾ ದಂಪತಿಗೆ ಹೇಳಲಿಲ್ಲ, ತಪ್ಪು ಅವರದಲ್ಲ. ಕೌನ್ಸಿಲ್‌ಗೆ ಆ ಸಾಲು ಬೇಕಿಲ್ಲದಿರಬಹುದು. ಸಹಿ ಹಾಕುವ ಮುಂಚೆ ಜ್ಯೋತ್ಸ್ನಾ ಓದಲೇಬೇಕಲ್ಲ, ಅದಕ್ಕೆ ಹಾಕಿದ್ದು. ಎದುರಿಗೆ ನಿಂತು ಹೇಳುವ ಧೈರ್ಯ ನನಗಿಲ್ಲ. ಹತ್ತು ನಿಮಿಷದ ಹಿಂದೆ ಅವಳಿಗೆ ಕಳಿಸಿದ್ದೇನೆ. ಓದಿದ್ದಾಳೆ ಎಂದು ಫೋನ್ ತೋರಿಸುತ್ತಿದೆ. ಉತ್ತರ ಬಂದಿಲ್ಲ.

ದೀಪಾವಳಿಗೆ ಅವಳು ನಿನಗೆ ಫೋನ್ ಮಾಡುತ್ತೇನೆ ಅನ್ನುತ್ತಿದ್ದಳು. ಮಾಡಿದರೆ ನನ್ನ ಪರ ಮಾತಾಡಬೇಡ. ಅವಳು ಬೈದರೆ ಬೈಯಲಿ, ಕೇಳಿಸಿಕೋ. ಭಾವನಿಗೆ ಈ ಕಾಗದ ತೋರಿಸಬೇಡ. ನನಗೆ ಆಶೀರ್ವಾದ ಮಾಡು ಎಂದು ಕೇಳುವ ಮುಖ ಇಲ್ಲ. ಪ್ರಣತಿಗೆ ಮಾಡು. ಮುಂದಿನ ವಾರ ಅವಳಿಗೆ ಎಂಟು ತುಂಬುತ್ತದೆ.

ನಿನ್ನ,
ವೇದಾ

ಮತ್ತೆ: ಇಷ್ಟು ಬರೆದರೂ ಯಾಕೆ ಹಾಗೆ ಮಾಡಿದೆ ಎಂಬುದನ್ನು ಬರೆಯಲಿಲ್ಲ. ಹೊಟ್ಟೆಕಿಚ್ಚು ಇದ್ದೇ ಇತ್ತು, ಆದರೂ ನಿನಗೆ ಫೋನ್ ಮಾಡುವ ತನಕ ನನಗೆ ಆ ಯೋಚನೆ ಬಂದಿರಲಿಲ್ಲ. ಆವತ್ತು "ಅಕ್ಕ, ಗೃಹಪ್ರವೇಶಕ್ಕೆ ಒಂದು ಮುಹೂರ್ತ ನೋಡೇ" ಅಂದೆ. ಯಾರ ಹೆಸರನ್ನೂ ಹೇಳಿರಲಿಲ್ಲ. ನೀನು ಕನ್ನಡಕ ಹಾಕಿಕೊಳ್ಳುತ್ತ "ಯಾರ ಮನೇದೇ?" ಅಂದೆ. ನಿಮ್ಮದಾ ಎಂದು ಕೇಳಲಿಲ್ಲ. ಕೇಳಿದ್ದರೂ ನಾನು ಅಲ್ಲ ಅನ್ನಬೇಕಿತ್ತು, ಗೊತ್ತು. ಒಂದು ಸಲ ಕೇಳಬಹುದಿತ್ತು ಅಕ್ಕ.