ತಣ್ಣೀರು ಎಂದರೆ ಎಷ್ಟು ತಣ್ಣಗೆ?

24 ಮಾರ್ಚ್, ಸೋಮವಾರ

ಬೆಳಗಿನ ಶಾಲೆ. ಪಾಠ ಮುಗಿಸಿ ಕಮತಗಿಯಿಂದ ಮನೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಒಂದೂವರೆ. ನವನಗರದ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ, ಅಂಥ ಬಿಸಿಲು. ಊಟಕ್ಕೆ ಮುಂಚೆ ದಿನದಂತೆ ವಾಷಿಂಗ್ ಮಷೀನಿಗೆ ಬಟ್ಟೆ ಹಾಕಿದೆ. ಇವತ್ತು ಮೊದಲ ಸಲ ಅತ್ತೆಯ ಇಳಕಲ್ ಸೀರೆಯೂ ಇತ್ತು. ಎರಡು ತಿಂಗಳು ಗೋಗರೆದ ಮೇಲೆ ಕೊಟ್ಟಿದ್ದರು.

ಕೋಲ್ಡ್‌ಗೇ ಇಟ್ಟಿದ್ದೆ. ಖಾತ್ರಿ. ಎರಡು ಸಲ ನೋಡಿ ಬಟನ್ ಒತ್ತಿದ್ದು.

ಬಾಗಿಲು ತೆಗೆದರೆ — ಸೆರಗಿನ ಕೆಂಪು ಬಣ್ಣ ಹಸಿರು ಒಡಲಿಗೆಲ್ಲ ಹತ್ತಿಬಿಟ್ಟಿದೆ. ಕುಬಸದ ದಿನ ಅವರ ತಾಯಿ ಉಡಿಸಿದ ಸೀರೆ. ನನ್ನ ಗಂಡ ಆಗ ಇನ್ನೂ ಹೊಟ್ಟೆಯಲ್ಲಿ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೊಟ್ಟ್ಯಾಗ ಒಲಿ ಇಟ್ಕೊಂಡ ಮಷೀನು. ನೀ ತಣ್ಣಗ ಇರು ಅಂದ್ರ ಇರ್ತೈತೇನವಾ?" ಅಂದರು. ಸೀರೆ ಮಡಚಿಕೊಂಡು ಒಳಗೆ ಹೋದರು.

25 ಮಾರ್ಚ್

ಬಸ್ಸಿಳಿದು ಬಂದರೆ ಬಚ್ಚಲಿನಲ್ಲಿ ಧಪ್ ಧಪ್ ಸದ್ದು. ಅತ್ತೆ ಒಗೆಯುವ ಕಲ್ಲಿನ ಮುಂದೆ. ತಮ್ಮ ಸೀರೆ ಅಷ್ಟೇ ಅಲ್ಲ, ನನ್ನವೂ, ಇವರ ಪ್ಯಾಂಟೂ!

ಜನವರಿಯಲ್ಲಿ ಬಲಭುಜದ ಆಪರೇಷನ್ ಆಗಿದೆ. ರಾಡ್ ಹಾಕಿದ್ದಾರೆ. ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು — ಬಟ್ಟೆ ಹಿಂಡುವ ಕೆಲಸ ಮಾಡಿದರೆ ಆ ಕೈ ಮತ್ತೆ ಮೇಲೆ ಏಳುವುದಿಲ್ಲ. ಮಷೀನು ತಂದದ್ದೇ ಅದಕ್ಕೆ.

"ಅತ್ತೀ, ಕೈ ಹೋಗ್ತೈತ್ರಿ."

"ಕೈ ನಂದು. ಸೀರಿನೂ ನಂದಾ ಇತ್ತು."

ಸಿಟ್ಟು ಬಂತು. ಅಳುವೂ ಬಂತು. ಆಳು ಇಟ್ಟು ನೋಡಿಯಾಗಿದೆ, ಅವಳು ಒಗೆದದ್ದನ್ನು ಅತ್ತೆ ಮತ್ತೆ ಒಗೆಯುತ್ತಾರೆ. ಇನ್ನು ಒಂದೇ ದಾರಿ. ಮಷೀನು ಯಾಕೆ ಹೀಗೆ ಮಾಡಿತು ಎಂದು ಹಿಡಿಯಬೇಕು, ಅತ್ತೆಗೆ ತೋರಿಸಬೇಕು, ಆ ಕಲ್ಲು ಬಿಡಿಸಬೇಕು. ಬಿಡಿಸುತ್ತೇನೆ.

27 ಮಾರ್ಚ್

ಶಾಲೆಯ ವಿಜ್ಞಾನದ ಪೆಟ್ಟಿಗೆಯಿಂದ ಥರ್ಮಾಮೀಟರ್ ತಂದೆ. ಹೆಡ್‌ಮಾಸ್ತರರು "ಯಾರಿಗೆ ಜ್ವರಾರೀ?" ಅಂದರು. ಮಷೀನಿಗೆ ಅಂದೆ.

ಖಾಲಿ ಮಷೀನು, ಕೋಲ್ಡ್. ಹೊರಗೆ ಬಿಡುವ ಪೈಪನ್ನು ಬಕೆಟ್ಟಿಗೆ ಹಾಕಿ ಕಾದು ಕುಳಿತೆ. ನಲವತ್ತೆರಡು ಡಿಗ್ರಿ. ಇದು ತಣ್ಣೀರಂತೆ! ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಗೆದ್ದಿದ್ದಾರೆ.

ಇವರು ಆಫೀಸಿನಿಂದ ಬಂದು, "ಮೂಲ್ಯಾಗ ಸರಿಸಿ ಇಡು ಅದನ್ನ. ಅವ್ವ ಸಮಾಧಾನ ಆಗ್ತಾಳ" ಅಂದರು. ಅವ್ವನ ಸಮಾಧಾನ ನೋಡಿದರೆ ಅವ್ವನ ಕೈ ಹೋಗುತ್ತದೆ ಅಂದೆ. ಪೇಪರ್ ಹಿಡಿದು ಕೂತರು.

ಸರ್ವಿಸ್‌ಗೆ ಫೋನ್ ಮಾಡಿದೆ. ಹಬ್ಬ ಮುಗಿದ ಮೇಲೆ ಬರುತ್ತಾರಂತೆ.

31 ಮಾರ್ಚ್

ನಿನ್ನೆ ಯುಗಾದಿ. ಅತ್ತೆ ಹೂರಣ ರುಬ್ಬಿದರು, ಕಣಕ ನಾದಿದರು. ಲಟ್ಟಣಿಗೆ ಹಿಡಿದು ಒಂದು ಹೋಳಿಗೆ ಅರ್ಧ ಮಾಡಿ ನಿಲ್ಲಿಸಿದರು. "ನೀನಾ ಮಾಡು, ನಂಗ ಸೆಕಿ ಆಗಾಕತ್ತೇತಿ" ಅಂತ ಎದ್ದರು. ಸೆಕೆಯಲ್ಲ. ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಹೋದದ್ದು ಕಂಡೆ. ನಲವತ್ತು ವರ್ಷ ಈ ಮನೆಯ ಹೋಳಿಗೆ ಅವರದೇ. ನನ್ನವು ಹರಿದವು.

ಇವತ್ತು ಮತ್ತೆ ಬಟ್ಟೆ ಒಗೆದಿದ್ದಾರೆ...

3 ಏಪ್ರಿಲ್, ಸಂಜೆ

ಮೆಕ್ಯಾನಿಕ್ ಖಾಸಿಂಸಾಬ ಎರಡು ಗಂಟೆಗೆ ಬಂದ. ಮಷೀನನ್ನು ಗೋಡೆಯಿಂದ ಎಳೆದು ಬೆನ್ನು ಬಿಚ್ಚಿದ. ನಾನೂ ಪಕ್ಕದಲ್ಲೇ ಕೂತೆ.

ಡ್ರಮ್ಮಿನ ತಳದಲ್ಲಿ ಹೀಟರ್, ಹೇರ್‌ಪಿನ್ನಿನ ಹಾಗೆ ಬಾಗಿದೆ. ಅದರ ಪಕ್ಕ ಬೆರಳ ತುದಿಯಷ್ಟು ಸೆನ್ಸರ್. ನೀರು ಬಿಸಿಯಾದಂತೆ ಅದರಲ್ಲಿ ಕರೆಂಟಿಗೆ ತಡೆ ಕಡಿಮೆಯಾಗುತ್ತದಂತೆ. ಒಳಗಿನ ಬೋರ್ಡು ಅದನ್ನು ನೋಡುತ್ತಾ, ಹೇಳಿದಷ್ಟು ಡಿಗ್ರಿ ಬಂದ ಕೂಡಲೇ ಹೀಟರ್ ಆರಿಸುತ್ತದೆ. ನಮ್ಮ ಸೆನ್ಸರಿನ ಮೇಲೆ ಬೋರ್ ನೀರಿನ ಸುಣ್ಣ ಗಟ್ಟಿ ಕೂತಿತ್ತು, ನೀರು ಕಾದದ್ದು ಅದಕ್ಕೆ ತಿಳಿಯುವುದಿಲ್ಲವಂತೆ.

"ಸಿಕ್ತ ನೋಡ್ರಿ ಕಳ್ಳ," ಅಂದ. ಕೆರೆದು ತೊಳೆದು ಹಾಕಿದ. ಕೋಲ್ಡ್ ಓಡಿಸಿದೆವು. ಬಕೆಟ್ಟಿನಲ್ಲಿ ಅದೇ ನಲವತ್ತೆರಡು.

"ಹಂಗಾರ ಬೋರ್ಡ ಹೋಗೇತ್ರಿ ಅಕ್ಕಾರ. ಹೊಸಾದ ಹಾಕಬೇಕು."

"ಹೀಟರ್ ವಾಯರ್ ಬಿಚ್ಚ್ರಿ ಮೊದ್ಲು."

"ಬಿಚ್ಚಿದ್ರ ನೀರ ಕಾಯೂದಾ ಇಲ್ಲಲ್ರಿ!"

"ಅದನ್ನಾ ನೋಡ್ಬೇಕು ನಾ. ಬಿಚ್ಚ್ರಿ."

ಬಿಚ್ಚಿದ. ಮತ್ತೆ ಓಡಿಸಿದೆವು. ನಲವತ್ತಮೂರು. ವೈರೇ ಇಲ್ಲದ ಹೀಟರು ನೀರು ಕಾಯಿಸುತ್ತದೆಯೇ? ಅವನು ನನ್ನ ಮುಖ ನೋಡಿದ, ನಾನು ಅವನ ಮುಖ.

ಅಷ್ಟರಲ್ಲಿ ಅತ್ತೆ ಚಹಾ ತಂದರು. ಖಾಸಿಂಸಾಬ ಕೈ ತೊಳೆಯಲು ನಲ್ಲಿಯ ಕಡೆ ಹೊರಟ. "ಏ ತಮ್ಮಾ, ನಳಕ್ಕ ಕೈ ಹಿಡೀಬ್ಯಾಡೋ, ಸುಡ್ತೈತಿ. ಮುಂಜಾನಿ ಬಕೀಟ ತುಂಬಿಟ್ಟೇನಿ, ಅದ್ರಾಗ ತೊಳಕೋ," ಅಂದರು ಅತ್ತೆ.

ಇಬ್ಬರೂ ಅಲ್ಲೇ ನಿಂತೆವು.

ಅಯ್ಯೋ ನನ್ನ ಬುದ್ಧಿಯೇ! ಮಾಳಿಗೆಯ ಮೇಲಿನ ನೀರಿನ ಕರೀ ಟಾಕಿ. ಬಾಗಲಕೋಟೆಯ ಬಿಸಿಲು. ಫೆಬ್ರವರಿ ದಾಟಿದರೆ ಮಧ್ಯಾಹ್ನದ ನಲ್ಲಿ ನೀರು ಸುಡುತ್ತದೆಂದು ಈ ಓಣಿಯ ಕೂಸಿಗೂ ಗೊತ್ತು. ಅದಕ್ಕೇ ಎಲ್ಲರ ಮನೆಯಲ್ಲೂ ಬೆಳಿಗ್ಗೆಯೇ ಬಕೆಟ್ ತುಂಬಿಡುವುದು. ಅತ್ತೆ ಒಗೆಯುವುದೂ ಆ ನೀರಿನಲ್ಲೇ. ಮಷೀನಿಗೆ ಮಾತ್ರ ಸೀದಾ ಟಾಕಿಯ ಪೈಪು ಕೊಟ್ಟು, ಬೇಸಿಗೆಯ ನಡುಮಧ್ಯಾಹ್ನ ಕೋಲ್ಡ್ ಒತ್ತಿ, ಊಟಕ್ಕೆ ಕೂತಿದ್ದೇನೆ. ಕೋಲ್ಡ್ ಅಂದರೆ ಹೀಟರ್ ಹಚ್ಚಬೇಡ ಎಂದಷ್ಟೇ ಅರ್ಥ. ಬಂದ ನೀರನ್ನು ತಣಿಸುವ ವಿದ್ಯೆ ಅದಕ್ಕಿಲ್ಲ.

ಖಾಸಿಂಸಾಬ ನಕ್ಕೂ ನಕ್ಕೂ ವೈರು ಜೋಡಿಸಿದ. ಅತ್ತೆ ನಗಲಿಲ್ಲ. "ಇರಬಹುದು. ಆದ್ರ ನನ್ನ ಸೀರಿ ಕೊಡೂದಿಲ್ಲ."

6 ಏಪ್ರಿಲ್, ಭಾನುವಾರ

ಬೆಳಿಗ್ಗೆ ಐದೂವರೆ. ನಲ್ಲಿ ನೀರು ಇಪ್ಪತ್ತೇಳು. ನನ್ನ ಮದುವೆಯ ಇಳಕಲ್ ಸೀರೆ ತೆಗೆದೆ. ಇದುವರೆಗೆ ನೀರು ಕಾಣದ ಸೀರೆ. ಜೊತೆಗೆ ಇವರ ಬಿಳಿ ಅಂಗಿ, ಬೇಕೆಂದೇ. ಎರಡನ್ನೂ ಒಟ್ಟಿಗೇ ಹಾಕಿದೆ.

ಅಂಗಿ ಬಿಳಿಯಾಗಿಯೇ ಬಂತು! ಅತ್ತೆ ಅದನ್ನು ಕಿಟಕಿಗೆ ಹಿಡಿದು ಕಾಲರು, ತೋಳು, ಜೇಬಿನ ಒಳಗೂ ನೋಡಿದರು. ಮಡಚಿ ನನ್ನ ಕೈಗಿಟ್ಟರು. ಆಮೇಲೆ ಬಚ್ಚಲಿಗೆ ಹೋಗಿ ತಮ್ಮ ಸೀರೆ ಕೈಯಲ್ಲೇ ಒಗೆದರು.

ಇರಲಿ. ನಾನೂ ಬಿಡುವವಳಲ್ಲ.

10 ಏಪ್ರಿಲ್

ಶಾಲೆಗೆ ಇವತ್ತೇ ಕೊನೆ, ನಾಳೆಯಿಂದ ರಜೆ. ಈ ವಾರ ದಿನಾ ನಸುಕಿನಲ್ಲಿ ನನ್ನ ಒಂದೊಂದು ಬಣ್ಣದ ಸೀರೆ ಹಾಕಿದ್ದೇನೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಾರೆ. ಯಾವ ಬಟನ್ ಒತ್ತಿದೆ ಅಂತಲೂ ನೋಡುತ್ತಾರೆ, ನೋಡದವರ ಹಾಗೆ. ಹೊದಿಕೆ, ಹಾಸಿಗೆ ಬಟ್ಟೆ ಮಾತ್ರ ಮಧ್ಯಾಹ್ನಕ್ಕೆ. ಅವಕ್ಕೆ ಅರವತ್ತು ಡಿಗ್ರಿ ಬೇಕು, ಬಿಸಿಲೇ ಅರ್ಧ ಕಾಯಿಸಿ ಕೊಡುತ್ತದೆ. ಇದನ್ನು ಹೇಳಿದ್ದಕ್ಕೆ ಅತ್ತೆ, "ಜಾಣಿ ಅದಿ ಬಿಡು" ಅಂದರು. ಹೊಗಳಿಕೆಯೋ ಚುಚ್ಚೋ, ತಿಳಿಯಲಿಲ್ಲ.

14 ಏಪ್ರಿಲ್, ಬೆಳಿಗ್ಗೆ

ಎಚ್ಚರವಾಗುವ ಹೊತ್ತಿಗೆ ಮಷೀನಿನ ಸದ್ದು. ನಾನು ಹಾಕಿಲ್ಲ. ಇವರು ಗೊರಕೆಯಲ್ಲಿ.

ಓಡಿ ಹೋದೆ. ಅತ್ತೆ ಮಣೆ ಹಾಕಿಕೊಂಡು ಮಷೀನಿನ ಮುಂದೆ ಕೂತಿದ್ದಾರೆ. ಅಂಗೈ ಗಾಜಿನ ಬಾಗಿಲ ಮೇಲೆ. ಒಳಗೆ ಅವರ ಸೀರೆಗಳು ಹೊರಳುತ್ತಿವೆ.

"ತಣ್ಣಗ ಐತಿ. ಬಿಸಿ ಆತಂದ್ರ ಬಂದ್ ಮಾಡ್ತೇನಿ. ನೀ ಹೋಗಿ ಮಲಕೋ."

ನಾನು ಹೋಗಲಿಲ್ಲ. ಪಕ್ಕದಲ್ಲಿ ಕೂತೆ.

"ಅಲ್ಲವಾ, ಮದುವಿ ಸೀರಿ ಹಾಕಿದೆಲ್ಲ ಇದ್ರಾಗ. ಅದೂ ಹಾಳಾಗಿದ್ರ?"

"ಆಗಿದ್ರ ಆಗ್ತಿತ್ರಿ. ನಿಮ್ಮ ಕೈಕಿಂತ ಹೆಚ್ಚಿಂದೇನ್ರಿ ಅತ್ತೀ ಅದು?"

ಅತ್ತೆ ಸೆರಗಿನಿಂದ ಗಾಜು ಒರೆಸಿದರು. ಗಾಜಿನ ಮೇಲೆ ಏನೂ ಇರಲಿಲ್ಲ. "ಹೋಗವಾ, ಚಾ ಇಡು," ಅಂದರು.

ಚಹಾ ಒಲೆಯ ಮೇಲಿದೆ. ನಾನಿಲ್ಲಿ ಬರೆಯುತ್ತ ಕೂತಿದ್ದೇನೆ, ಕಣ್ಣು ಒರೆಸಿಕೊಳ್ಳುತ್ತ. ಖುಷಿ. ಇದು ಖುಷಿಯೇ.

ಮಷೀನು ನಿಂತಿತು. ಅತ್ತೆ ಕೂಗುತ್ತಿದ್ದಾರೆ, ಬಾಗಿಲು ತೆರೆಯುತ್ತಿಲ್ಲವಂತೆ. ನಿಂತ ಮೇಲೂ ಒಂದೆರಡು ನಿಮಿಷ ಲಾಕ್ ಇರುತ್ತದೆಂದು ಅವರಿಗೆ ಹೇಳಿಯೇ ಇಲ್ಲ. ಓಡಬೇಕು, ಜಗ್ಗಿಬಿಟ್ಟಾರು, ಅದೂ ಆ ಕೈಯಿಂದಲೇ —