ಕಣಿವೆಯ ಬಾಯಲ್ಲಿ ಕೊಟ್ಟ ಕೂಸು

ಮಕ್ಕಾ, ಗುಡ್ಡದ ಸಂದಿನ ಕಣಿವೆ
ರಜಬ್ ಚಂದ್ರ ಕಂಡು ಮೂರನೆಯ ದಿನ

ನನ್ನ ಮನೆಯವರಾದ ಸುಹೈಮ್ ಅವರಿಗೆ ಅರ್ವಾ ಮಾಡುವ ಸಲಾಮುಗಳು.

ನಿಮ್ಮ ಆರೋಗ್ಯ ಹೇಗಿದೆ? ಕಡಲಾಚೆಯ ಹಬಶಾದ ರಾಜ ನಿಮ್ಮನ್ನೆಲ್ಲ ನಿಶ್ಚಿಂತೆಯಿಂದ ನಮಾಜು ಮಾಡಲು ಬಿಟ್ಟಿದ್ದಾನೆಂದು ಕೇಳಿದೆ. ಅಲ್ಲಿಯ ಥಂಡಿಗೆ ನಿಮ್ಮ ಎದೆನೋವು ಮರುಕಳಿಸಿಲ್ಲ ತಾನೆ? ಈ ತೊಗಲಿನ ತುಂಡನ್ನು ಬೇಯಿಸಿ ತಿನ್ನಬೇಕಿತ್ತು. ನಿಮಗೆ ಬರೆಯಲೆಂದು ಉಳಿಸಿಕೊಂಡೆ.

ನೀವು ಹೋದ ಮೇಲೆ ಊರಿನವರೆಲ್ಲ ಒಂದಾಗಿ, ಪ್ರವಾದಿಯವರನ್ನು ಬಿಟ್ಟುಕೊಡಲಿಲ್ಲವೆಂದು ನಿಮ್ಮ ಕುಲದವರನ್ನು ಈ ಕಣಿವೆಗೆ ದಬ್ಬಿದರು. ನಮಗೆ ಯಾರೂ ಏನೂ ಮಾರುವಂತಿಲ್ಲ, ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಜಾಲಿಯ ಎಲೆ ತಿಂದು ಎಲ್ಲರ ಬಾಯಿ ಹುಣ್ಣಾಗಿದೆ. ಅತ್ತೆ ನಮ್ಮ ಧರ್ಮಕ್ಕೆ, ಈ ದೀನಿಗೆ ಬರಲೇ ಇಲ್ಲ. ಹೊರಗೆ ಹೋಗಿ ಬದುಕಿ ಎಂದರೆ, "ನನ್ನ ಮಗನ ದೇವರು ನನಗೆ ಬೇಡ ಕಣೆ. ಆದರೆ ನನ್ನ ಮಗನ್ನ ಬಯ್ಯೋರ ರೊಟ್ಟಿನೂ ಬೇಡ" ಎಂದುಬಿಟ್ಟರು. ತೀರಿಹೋದ ಮಾವನವರ ಚಪ್ಪಲಿ ಬೇಯಿಸಿದ ದಿನ, "ಇನ್ನೂ ಬೇಯಲಿ ಬಿಡೆ. ಆ ಮನುಷ್ಯ ಬದುಕಿದ್ದಾಗಲೂ ಮೆತ್ತಗಾದವನಲ್ಲ" ಎಂದು ನಗಿಸಿದರು. ಅದೇ ಅವರ ಕೊನೆಯ ನಗು. ಮೊನ್ನೆ ಅವರನ್ನು ಇಲ್ಲೇ ಮಣ್ಣು ಮಾಡಿದೆವು.

ನೀವು ಹಡಗು ಹತ್ತುವಾಗ ನನ್ನ ಹೊಟ್ಟೆಯಲ್ಲಿದ್ದವನು ಗಂಡುಮಗ. ಹಣೆ ನಿಮ್ಮದೇ. ನನ್ನ ಎದೆಹಾಲು ಬತ್ತಿತು. ಚಳಿಗಾಲದ ಹೊತ್ತಿಗೆ ಅಳುವ ಶಕ್ತಿಯೂ ಇಲ್ಲದೆ ಬಾಯಿ ಮಾತ್ರ ತೆರೆಯುತ್ತಿದ್ದ. ಆಗ ನನ್ನಣ್ಣ ಹರ್ಮಲ ಕಣಿವೆಯ ಬಾಯಿಗೆ ಬಂದ. "ಆ ದೀನು ಬಿಟ್ಟೆ ಅಂತ ಒಂದು ಮಾತು ಹೇಳು ತಂಗಿ, ಈಗಲೇ ಮನೆಗೆ ಹೋಗೋಣ. ನಿನ್ನ ಹಟಕ್ಕೆ ಈ ಕೂಸು ಯಾಕೆ ಒಣಗಬೇಕು?" ಎಂದ. ಆ ಮಾತು ನನ್ನ ಬಾಯಿಂದ ಬರಲಿಲ್ಲ. ಕೂಸನ್ನು ಅವನ ಕೈಗಿಟ್ಟೆ. "ಕೊಟ್ಟ ಮೇಲೆ ಇವನು ನನ್ನ ಮಗ. ನಮ್ಮ ದೇವರಿಗೇ ಕೈ ಮುಗೀತಾನೆ. ಆಮೇಲೆ ಕೇಳಬೇಡ" ಎಂದ. ನಾನು ತಲೆಯಾಡಿಸಿದೆ. ನನಗಾಗಿ ಸಹಿಸುವುದು ಕಷ್ಟವಾಗಿರಲಿಲ್ಲ. ಇದೊಂದನ್ನು ಸಹಿಸಲು ಇನ್ನೂ ಕಲಿತಿಲ್ಲ.

ನನ್ನ ಕಾಲು ಊದಿಕೊಂಡಿವೆ, ಎದ್ದರೆ ಕಣ್ಣು ಕತ್ತಲಿಡುತ್ತದೆ. ಇದೆಲ್ಲ ಮುಗಿಯುತ್ತದೆಂದು ಇಲ್ಲಿ ಯಾರೂ ಈಗ ಹೇಳುವುದಿಲ್ಲ. ನಮಾಜಿಗೆ ಮಾತ್ರ ಎದ್ದು ನಿಲ್ಲುತ್ತೇವೆ. ಅಲ್ಲಾಹನು ನಿಮ್ಮನ್ನು ಕಾಪಾಡಲಿ. ಜೊತೆಗಿರುವವರಿಗೆಲ್ಲ ನನ್ನ ಸಲಾಮು ತಿಳಿಸಿ.

ನಿಮ್ಮ
ಅರ್ವಾ

ಮರೆತಿದ್ದೆ, ಈ ಪತ್ರ ಒಯ್ಯುವ ಒಂಟೆಯವನು ಅವಸರ ಮಾಡುತ್ತಿದ್ದಾನೆ. ಜಗಳ ನಿಷಿದ್ಧವಾದ ತಿಂಗಳೆಂದು ನಿನ್ನೆ ನಮ್ಮನ್ನು ಹೊರಗೆ ಬಿಟ್ಟರು. ಸಂತೆಯಲ್ಲಿ ಅಣ್ಣನ ಹೆಗಲ ಮೇಲೆ ಮಗನನ್ನು ಕಂಡೆ. ಕೆನ್ನೆ ತುಂಬಿಕೊಂಡಿದೆ. ನಾನಿಟ್ಟ ಹೆಸರು ಅಬ್ದುಲ್ಲಾ, ಅಲ್ಲಾಹನ ದಾಸ. ಎರಡು ಸಲ ಕೂಗಿದೆ, ತಿರುಗಲಿಲ್ಲ. ಅವರು ಅವನನ್ನು ಅಬ್ದುಲ್ ಉಝ್ಝಾ ಎನ್ನುತ್ತಾರೆ, ಅವರ ದೇವಿಯ ದಾಸ. ನೀವು ಹಿಂದಿರುಗುವ ಹೊತ್ತಿಗೆ ನಾನಿರುವುದಿಲ್ಲ. ನಾಲಿಗೆ ಹಿಂಜರಿದರೂ ಅವರಿಟ್ಟ ಆ ಹೆಸರು ಹಿಡಿದೇ ಅವನನ್ನು ಕೂಗಿ.