ಚುಕ್ಕಾಣಿ ನನ್ನ ಕೈಯಲ್ಲಿತ್ತು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುತ್ತಾನಲ್ಲ, ಇವನಿಗೇನು ಬಂತು ಎಂದುಕೊಳ್ಳಬೇಡ. ಎದುರು ನಿಂತು ಹೇಳುವ ಮುಖ ನನಗೆ ಉಳಿದಿಲ್ಲ. ನೀನು ನಿಧಾನವಾಗಿ ಓದುತ್ತೀಯ ಎಂದು ದೊಡ್ಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ.

ನಿನ್ನೆ ದರ್ಜಿಯಮ್ಮನ ಅಂಗಡಿಗೆ ಹೋಗಿದ್ದೆ. ನಾಲ್ಕು ತಿಂಗಳಾದರೂ ಅವರ ಬಲಗೈ ಕತ್ತರಿ ಹಿಡಿಯುವಷ್ಟು ತಿರುಗುತ್ತಿಲ್ಲ. "ನಿಮ್ಮಕ್ಕ ದಿನಾ ಸಂಜೆ ಬಂದು ಬಟ್ಟೆ ಕತ್ತರಿಸಿ ಕೊಡ್ತಾಳೆ. ತಪ್ಪು ಮಾಡಿದ್ರೂ ಮನುಷ್ಯತ್ವ ಇದೆ ಅವಳಿಗೆ" ಎಂದರು. ನಾನು ಹೌದೌದು ಎಂದು ತಲೆಯಾಡಿಸಿದೆ! ಆ ತಪ್ಪು ನಿನ್ನದಲ್ಲ ಎನ್ನಲು ಅಲ್ಲಿಯೂ ನನಗೆ ನಾಲಿಗೆ ಏಳಲಿಲ್ಲ.

ಅಪ್ಪ ಹೋದಮೇಲೆ ಇಪ್ಪತ್ತೆರಡು ವರ್ಷ ಅವರ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸಿದವಳು ನೀನು. ಲೈಸೆನ್ಸ್ ಕಡ್ಡಾಯವಾದಾಗ ಮೂರು ಸಲ ಪರೀಕ್ಷೆಗೆ ಕೂತೆ. ಅರ್ಧ ಪ್ರಶ್ನೆ ಓದುವುದರೊಳಗೆ ಗಂಟೆ ಹೊಡೆಯುತ್ತಿತ್ತು. ನಾನೋ, ಮೊದಲ ಸಲಕ್ಕೇ ನೂರಕ್ಕೆ ತೊಂಬತ್ತಾರು. ಆಮೇಲೆ ಕಾಗದದ ಮೇಲೆ ನಾನು ಚಾಲಕ, ನೀನು ಸಹಾಯಕಿ. ನೀನು ದೋಣಿ ನಡೆಸುತ್ತಿದ್ದೆ, ನಾನು ಮುಂದೆ ಕೂತು ಪೇಪರ್ ಓದುತ್ತಿದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನ್ನ ಹತ್ತಿರ ಆ ಒಕ್ಕಾಲೇ ಇದ್ದದ್ದು.

ಆ ಭಾನುವಾರ ನನ್ನ ಹಾಯಿದೋಣಿ ಕ್ಲಬ್ಬಿನ ಗೆಳೆಯರು ಬಂದಿದ್ದರು. ಅವರಿಗೆ ಪಾಠ ಹೇಳುವ ಮೇಷ್ಟ್ರು ನಾನು. ಅವರೆದುರು ಪೇಪರ್ ಹಿಡಿದು ಕೂರಲು ನಾಚಿಕೆಯಾಗಿ ನಿನ್ನ ಕೈಯಿಂದ ಚುಕ್ಕಾಣಿ ತೆಗೆದುಕೊಂಡೆ. ದೋಣಿ ಕಟ್ಟುವ ಧಕ್ಕೆ ಹತ್ತಿರವಾದಾಗ ನೀನು ಮೆಲ್ಲಗೆ, "ಉಬ್ಬರ ಮುಗಿದು ಇಳಿತ ಶುರುವಾಗಿದೆ, ಸೆಳೆತಕ್ಕೆ ಎದುರಾಗಿ ತಿರುಗಿಸ್ಕೋ. ಇಲ್ಲಾಂದ್ರೆ ನನಗೆ ಕೊಡು" ಅಂದೆ. ನಾನು ಗೆಳೆಯರಿಗೆ ಕೇಳಿಸುವ ಹಾಗೆ, "ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಮರೆತ್ಯಾ?" ಅಂದೆ. ಗೆಳೆಯರು ನಕ್ಕರು. ನೀನೂ ನಕ್ಕೆ ಅಕ್ಕಾ, ನನ್ನ ಮಾನ ಉಳಿಸಲು.

ಅಷ್ಟರಲ್ಲಿ ಸೆಳೆತ ದೋಣಿಯನ್ನು ಎಳೆದುಕೊಂಡು ಹೋಗಿ ಧಕ್ಕೆಯ ಕಂಬಕ್ಕೆ ಬಡಿಯಿತು. ಇಳಿಯಲೆಂದು ನಮಗೆ ಬೆನ್ನು ಹಾಕಿ ನಿಂತಿದ್ದ ದರ್ಜಿಯಮ್ಮ ಬಟ್ಟೆಗಂಟಿನ ಸಮೇತ ಕೈಯೂರಿ ಬಿದ್ದರು. ನಾನು ಕಲ್ಲಿನ ಹಾಗೆ ನಿಂತಿದ್ದೆ. ನನ್ನನ್ನು ಪಕ್ಕಕ್ಕೆ ತಳ್ಳಿ, ಒಡೆದ ದೋಣಿಯನ್ನು ತಿರುಗಿಸಿ ಹದಿನಾಲ್ಕು ಜನರನ್ನು ದಡ ಸೇರಿಸಿದವಳು ನೀನು.

ವಿಚಾರಣೆಯ ದಿನ ಅಧಿಕಾರಿ ಯಾರು ನಡೆಸುತ್ತಿದ್ದದ್ದು ಎಂದು ಕೇಳಿದರು. ಗೆಳೆಯರು ಗಮನಿಸಲಿಲ್ಲ ಎಂದರು, ಮಿಕ್ಕವರು ದಿನಾ ನಡೆಸುವವಳು ನೀನೇ ಎಂದರು. ನಾನು ಮೇಜಿನ ಮೇಲಿನ ಪೇಪರ್‌ವೆಯ್ಟ್ ನೋಡುತ್ತಾ, "ಅಕ್ಕ. ನಾನು ಬೇಡ ಅಂದೆ" ಎಂದೆ. ನೀನು ಒಂದು ಸಲ ನನ್ನನ್ನು ನೋಡಿ, "ಹೌದು ಸಾರ್" ಅಂದೆ. ಹೊರಗೆ ಬಂದಮೇಲೆ "ನಿನ್ನ ಲೈಸೆನ್ಸ್ ಉಳೀತಲ್ಲ, ಬಿಡು" ಅಂದದ್ದು ಇವತ್ತಿಗೂ ಚುಚ್ಚುತ್ತದೆ. ನೀನು ದೋಣಿ ಹತ್ತಬಾರದು ಎಂದು ಆದೇಶವಾಯಿತು. ಈಗ ಬೇರೆಯವರ ದೋಣಿಗಳ ತಳ ಕೆರೆಯುತ್ತಿದ್ದೀಯ. ನಾನು ಕ್ಲಬ್ಬಿನಲ್ಲಿ ಬೋರ್ಡಿನ ಮೇಲೆ ಬಾಣ ಎಳೆದು ಸೆಳೆತದ ಪಾಠ ಮಾಡುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಕಚೇರಿಗೆ ಹೋಗಿ ನಡೆದದ್ದನ್ನು ನಡೆದ ಹಾಗೇ ಬರೆದುಕೊಟ್ಟೆ. ಲೈಸೆನ್ಸನ್ನೂ ಅಲ್ಲೇ ಇಟ್ಟು ಬಂದೆ. ನಿನ್ನ ಮೇಲಿನ ಆದೇಶ ಹಿಂದಕ್ಕೆ ತೆಗೆದುಕೊಳ್ಳುತ್ತಾರಂತೆ. ದರ್ಜಿಯಮ್ಮನಿಗೂ ಹೇಳಿ ಬಂದೆ. ಅವರು ಬಾಗಿಲು ತೋರಿಸಿದರು. ನೀನು ಕ್ಷಮಿಸಬೇಕೆಂದು ಕೇಳುವುದಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತೀಯ, ಅದೇ ಭಯ.

ಇಂತಿ,
ತಲೆ ಎತ್ತಲಾರದ ನಿನ್ನ ತಮ್ಮ

ತಾ.ಕ.: ಕಚೇರಿಯ ಗುಮಾಸ್ತರು, "ಓದೋಕೆ ಕಷ್ಟ ಆಗೋರಿಗೆ ಬಾಯಿಮಾತಿನ ಪರೀಕ್ಷೆ ಇದೆಯಲ್ಲ, ನೀವು ನಿಮ್ಮಕ್ಕನಿಗೆ ಹೇಳಿರ್ಲಿಲ್ವಾ?" ಎಂದು ಕೇಳಿದರು. ಗೊತ್ತಿರಲಿಲ್ಲ ಎಂದೆ. ಗೊತ್ತಿತ್ತು ಅಕ್ಕಾ. ನೀನು ಮೊದಲ ಸಲ ಫೇಲಾದಾಗಿನಿಂದ ಗೊತ್ತಿತ್ತು. ನಿನಗೇ ಲೈಸೆನ್ಸ್ ಬಂದುಬಿಟ್ಟರೆ ಅಪ್ಪನ ದೋಣಿಯಲ್ಲಿ ನಾನು ಯಾರು ಎನ್ನಿಸಿ ಸುಮ್ಮನಿದ್ದೆ. ಆ ಪರೀಕ್ಷೆಯ ಅರ್ಜಿ ಇದರ ಜೊತೆಗಿದೆ. ಬೇರೆ ಯಾರ ಕೈಯಲ್ಲಾದರೂ ತುಂಬಿಸು.